ಹಳೇಕೋಟೆಯ ಹೊಲದಿಂದ ನೀಹಾರಿಕೆಯ ಚಿತ್ರ: ತೆಗೆದದ್ದೆಷ್ಟು, ಸೇರಿಸಿದ್ದೆಷ್ಟು?

ಇಪ್ಪತ್ತು ವರ್ಷಗಳ ಹಿಂದೆ ಇ-ಮೇಲ್ ಬಳಸಲು ಕಲಿತ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ 'ದೇವರ ಕಣ್ಣು' ಎಂಬ ಚಿತ್ರ ಒಮ್ಮೆಯಾದರೂ ಬಂದಿರಬಹುದು. ನಡುವೆ ನೀಲಿ ಪಾಪೆ, ಸುತ್ತಲೂ ಕೆಂಪು ರೆಪ್ಪೆ, ಕೆಳಗೆ ಒಂದು ಟಿಪ್ಪಣಿ: ಮೂರು ಸಾವಿರ ವರ್ಷಗಳಿಗೊಮ್ಮೆ ಮಾತ್ರ ಕಾಣುವ ದೃಶ್ಯವಿದು, ನೋಡಿ ಪ್ರಾರ್ಥಿಸಿ, ಇತರರಿಗೂ ಕಳುಹಿಸಿ. ಈಗ ಅದೇ ಚಿತ್ರ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ವಾಳೆಯ ಗುಂಪುಗಳಲ್ಲಿ, ಕ್ರೈಸ್ತ ಶಿಕ್ಷಣದ ಶಿಕ್ಷಕರ ಗುಂಪುಗಳಲ್ಲಿ ಅದನ್ನು ಕಂಡವರು ನಮ್ಮನ್ನು ಕೇಳುವುದುಂಟು: "ಫಾದರ್, ಇದು ನಿಜವೋ, ಕಂಪ್ಯೂಟರಿನಲ್ಲಿ ಮಾಡಿದ್ದೋ?"

ಉತ್ತರ ಅರ್ಧ ಹೌದು, ಅರ್ಧ ಅಲ್ಲ ಎನ್ನುವಂಥದ್ದು. ಆ ಚಿತ್ರದಲ್ಲಿರುವುದು ಹೀಲಿಕ್ಸ್ ನೀಹಾರಿಕೆ. ಕುಂಭರಾಶಿಯ ದಿಕ್ಕಿನಲ್ಲಿ, ಸುಮಾರು 650 ಬೆಳಕಿನ ವರ್ಷಗಳ ದೂರದಲ್ಲಿ, ಮುಪ್ಪಾದ ನಕ್ಷತ್ರವೊಂದು ಹೊರಚೆಲ್ಲಿದ ಅನಿಲದ ಉಂಗುರ. ಹಬಲ್ ದೂರದರ್ಶಕ ಮತ್ತು ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯ ತೆಗೆದ ಚಿತ್ರಗಳನ್ನು ಜೋಡಿಸಿ ನಾಸಾ 2003ರ ಮೇ ತಿಂಗಳಲ್ಲಿ ಅದನ್ನು ಪ್ರಕಟಿಸಿತು. ವಸ್ತು ನಿಜ, ಬೆಳಕು ನಿಜ. ಮೂರು ಸಾವಿರ ವರ್ಷದ ಕಥೆ ಮಾತ್ರ ಯಾರೋ ಸೇರಿಸಿದ್ದು. ವರ್ಷ ವರ್ಷವೂ ಸಣ್ಣ ದೂರದರ್ಶಕವಿದ್ದವರು ಆ ನೀಹಾರಿಕೆಯನ್ನು ನೋಡುತ್ತಲೇ ಇದ್ದಾರೆ. ಇಷ್ಟು ಹೇಳಿದರೂ ಕೇಳಿದವರ ಮುಖದಲ್ಲಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ: "ಜೋಡಿಸಿ ಎಂದರೇನು? ಬಣ್ಣ ಹಚ್ಚಿದ್ದು ಯಾರು?" ಇದಕ್ಕೆ ಬಾಯಿಮಾತಿನ ಉತ್ತರಕ್ಕಿಂತ, ಒಂದು ನೀಹಾರಿಕೆಯ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನಾವೇ ತೆಗೆದು ನೋಡುವುದು ಒಳ್ಳೆಯದೆಂದು ತೋರಿತು. ಆಕಾಶದ ಛಾಯಾಗ್ರಹಣದಲ್ಲಿ ನಾವು ಹೊಸಬರು. ಹೊಸಬರಿಗೆ ಎಷ್ಟು ಸಾಧ್ಯವೋ ಅಷ್ಟನ್ನೇ ಇಲ್ಲಿ ವಿವರಿಸುತ್ತಿದ್ದೇವೆ.

ಇದಕ್ಕಾಗಿ 2025ರ ಜನವರಿ 27ರ ಸೋಮವಾರ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ ದಾಟಿ, ಹೊಳೆನರಸೀಪುರ ತಾಲೂಕಿನ ಹಳೇಕೋಟೆಗೆ ಹೋದೆವು. ಜೊತೆಯಲ್ಲಿ ಮದುವೆ ಸಮಾರಂಭಗಳ ಛಾಯಾಗ್ರಾಹಕರೊಬ್ಬರು ಮತ್ತು ಪದವಿ ಓದುತ್ತಿರುವ ಇಬ್ಬರು ಯುವಕರಿದ್ದರು. ಅಷ್ಟು ದೂರ ಏಕೆ ಎಂದು ಕೇಳಬಹುದು. ಮಂಗಳೂರೂ ಹಳೇಕೋಟೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದ್ದರಿಂದ ನಕ್ಷತ್ರಗಳು ಏರುವ ಎತ್ತರ ಎರಡೂ ಕಡೆ ಒಂದೇ. ಬೇರೆಯಾಗಿರುವುದು ನಡುವಿನ ಗಾಳಿ ಮತ್ತು ಬೆಳಕು. ಕರಾವಳಿಯ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಪಟ್ಟಣಗಳ ದೀಪದ ಬೆಳಕು ಆ ತೇವದಲ್ಲಿ ಚದುರಿ ಇಡೀ ಆಕಾಶವನ್ನು ಬೂದು ಮಾಡುತ್ತದೆ. ಹೊಳೆನರಸೀಪುರದ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಜನವರಿಯಲ್ಲಿ ಅಲ್ಲಿ ಒಣಗಾಳಿ. ಅಮಾವಾಸ್ಯೆ 29ಕ್ಕೆ ಇದ್ದುದರಿಂದ ಬೆಳಗಿನ ಜಾವದವರೆಗೆ ಚಂದ್ರನ ತೊಂದರೆಯೂ ಇರಲಿಲ್ಲ. ಪರಿಚಯದ ರೈತ ಕುಟುಂಬವೊಂದು ತೆಂಗಿನ ತೋಟದ ಪಕ್ಕದ ತೆರೆದ ಹೊಲದಲ್ಲಿ ಜಾಗ ಕೊಟ್ಟು, ಅಂಗಳದ ಬಲ್ಬನ್ನೂ ಆರಿಸಿತು. ಹೀಗೆ ಹೋಗುವವರು ಊರಿನವರಿಗೆ ಮೊದಲೇ ತಿಳಿಸಿ ಹೋಗಬೇಕು. ಕತ್ತಲಲ್ಲಿ ಹೊಲದ ನಡುವೆ ಮುಕ್ಕಾಲಿಯಿಟ್ಟುಕೊಂಡು ಓಡಾಡುವ ಅಪರಿಚಿತರನ್ನು ಯಾರಾದರೂ ಸಂಶಯಪಟ್ಟರೆ ಅದು ಅವರ ತಪ್ಪಲ್ಲ.

ನಾವು ಆರಿಸಿಕೊಂಡದ್ದು ಹೊಸಬರೆಲ್ಲರೂ ಆರಿಸಿಕೊಳ್ಳುವ ನೀಹಾರಿಕೆಯನ್ನೇ. ಮಹಾವ್ಯಾಧ ಎಂದು ಪಠ್ಯಪುಸ್ತಕಗಳು ಕರೆಯುವ ಓರಿಯನ್ ನಕ್ಷತ್ರಪುಂಜದಲ್ಲಿ, ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ, ಕತ್ತಿಯಂತೆ ತೂಗುವ ಸಣ್ಣ ಸಾಲಿನ ಮಧ್ಯದಲ್ಲಿ ಅದು ಇದೆ. ಪಟ್ಟಿಯಲ್ಲಿ ಅದರ ಹೆಸರು ಎಂ 42. ದೂರ ಸುಮಾರು 1,350 ಬೆಳಕಿನ ವರ್ಷ. ಎಂದರೆ ಅಂದು ಕ್ಯಾಮರಾದೊಳಗೆ ಬಿದ್ದ ಬೆಳಕು ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಹೊರಟದ್ದು. ಆ ಅನಿಲದ ಮೋಡದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಡುವಿನ ನಾಲ್ಕು ಎಳೆಯ, ಅತಿ ಬಿಸಿಯ ನಕ್ಷತ್ರಗಳ ಅತಿನೇರಳೆ ಕಿರಣಗಳು ಸುತ್ತಲ ಅನಿಲವನ್ನು ಉರಿಯದೆಯೇ ಬೆಳಗುವಂತೆ ಮಾಡುತ್ತವೆ, ಟ್ಯೂಬ್‌ಲೈಟಿನೊಳಗೆ ವಿದ್ಯುತ್ ಮಾಡುವಂತೆ. ಆಕಾಶದಲ್ಲಿ ಅದು ಹುಣ್ಣಿಮೆ ಚಂದ್ರನ ಎರಡರಷ್ಟು ಅಗಲಕ್ಕೆ ಹರಡಿದೆ. ಸಣ್ಣದಾದ್ದರಿಂದ ನಮಗೆ ಕಾಣುವುದಿಲ್ಲ ಎಂದುಕೊಳ್ಳಬಾರದು, ಮಬ್ಬಾದ್ದರಿಂದ ಕಾಣುವುದಿಲ್ಲ.

ಬರಿಗಣ್ಣಿಗೆ ಅದೊಂದು ಮಸುಕಾದ ಚುಕ್ಕೆ. 1610ರಲ್ಲಿ ಪ್ರಕಟವಾದ ಗೆಲಿಲಿಯೋನ ಪುಸ್ತಕದಲ್ಲಿ ಆ ಕತ್ತಿಯ ನಕ್ಷತ್ರಗಳ ಚಿತ್ರವಿದ್ದರೂ ನೀಹಾರಿಕೆಯ ಸುದ್ದಿಯಿಲ್ಲ. ದೂರದರ್ಶಕದಲ್ಲಿ ಅದನ್ನು ಕಂಡು ಬರೆದಿಟ್ಟ ಮೊದಲಿಗರಲ್ಲಿ ಯೊಹಾನ್ ಬ್ಯಾಪ್ಟಿಸ್ಟ್ ಸೀಸಾಟ್ ಎಂಬ ಜೆಸುಯಿಟ್ ಗುರು ಒಬ್ಬರು. 1618ರ ಧೂಮಕೇತುವಿನ ಬಗ್ಗೆ ಅವರು 1619ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧೂಮಕೇತುವನ್ನು ಈ ಮಸುಕಿನೊಂದಿಗೆ ಹೋಲಿಸಿದ್ದಾರೆ. ಅಂದಿನಿಂದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ನೀಹಾರಿಕೆಯ ಚಿತ್ರವೆಂದರೆ ಕಣ್ಣಿಗೆ ಕಂಡದ್ದನ್ನು ಕೈಯಲ್ಲಿ ಬಿಡಿಸಿದ ಚಿತ್ರವೇ. ಒಬ್ಬರು ಬಿಡಿಸಿದಂತೆ ಇನ್ನೊಬ್ಬರದು ಇರುತ್ತಿರಲಿಲ್ಲ. ಮೋಡ ಬದಲಾಗಿದೆಯೋ, ಬಿಡಿಸಿದವರ ಕೈ ಬೇರೆಯೋ ಎಂದು ವಿದ್ವಾಂಸರು ವಾದಿಸುತ್ತಿದ್ದರು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಪ್ರಾಂತದಲ್ಲಿ ಹೆನ್ರಿ ಡ್ರೇಪರ್ ಎಂಬ ವೈದ್ಯರು 51 ನಿಮಿಷ ಗಾಜಿನ ಫಲಕವನ್ನು ತೆರೆದಿಟ್ಟು ಇದೇ ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆದರು. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ತೆಗೆದ ಚಿತ್ರಗಳಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದವು. ಮುಖ್ಯ ಸಂಗತಿ ಇದು: ಕಣ್ಣು ಕಂಡದ್ದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ನೋಡುತ್ತದೆ, ಬೆಳಕನ್ನು ಕೂಡಿಡುವುದಿಲ್ಲ. ಫಲಕ ಕೂಡಿಡುತ್ತದೆ.

ಡ್ರೇಪರರ ದೂರದರ್ಶಕಕ್ಕೆ ಗಡಿಯಾರದ ಯಂತ್ರ ಕಟ್ಟಲಾಗಿತ್ತು. ಭೂಮಿ ತಿರುಗಿದಂತೆ ಅದೂ ನಕ್ಷತ್ರದ ಹಿಂದೆ ತಿರುಗುತ್ತಿತ್ತು. ನಮ್ಮಲ್ಲಿ ಅಂಥದ್ದು ಇರಲಿಲ್ಲ. ಇದ್ದದ್ದು ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮರಾ, ಮದುವೆಗಳಲ್ಲಿ ದೂರದಿಂದ ವಧೂವರರ ಮುಖ ತೆಗೆಯಲು ಬಳಸುವ 200 ಮಿ.ಮೀ.ವರೆಗಿನ ಎಫ್ 2.8 ಲೆನ್ಸ್, ಭಾರವಾದ ಮುಕ್ಕಾಲಿ ಮತ್ತು ತಾನಾಗಿಯೇ ಒಂದರ ಹಿಂದೊಂದು ಚಿತ್ರ ತೆಗೆಯಲು ಹೇಳುವ ಒಂದು ಸಣ್ಣ ರಿಮೋಟ್. ದೂರದರ್ಶಕವಿಲ್ಲದೆ ನೀಹಾರಿಕೆಯೇ ಎಂದು ಮೂಗು ಮುರಿಯುವವರಿಗೆ ಒಂದು ಲೆಕ್ಕ: ಈ ಲೆನ್ಸಿನಲ್ಲಿ ಚಿತ್ರದ ಅಗಲ ಆಕಾಶದ ಸುಮಾರು ಆರೂವರೆ ಡಿಗ್ರಿ, ನೀಹಾರಿಕೆ ಸುಮಾರು ಒಂದು ಡಿಗ್ರಿ. ಧಾರಾಳವಾಗಿ ಸಾಕು.

ಸಾಲದೆ ಬರುವುದು ಸಮಯ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತವೆ. ನಿಂತಲ್ಲೇ ನಿಂತ ಕ್ಯಾಮರಾದಲ್ಲಿ, ಈ ಲೆನ್ಸಿನಲ್ಲಿ, ಒಂದೇ ಸೆಕೆಂಡಿಗೆ ನಕ್ಷತ್ರ ಮೂರು ನಾಲ್ಕು ಪಿಕ್ಸೆಲ್ ಜರುಗಿಬಿಡುತ್ತದೆ. ಹತ್ತು ಸೆಕೆಂಡು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗದೆ ಗೆರೆಗಳಾಗುತ್ತವೆ, ನೀಹಾರಿಕೆ ಒರೆಸಿದಂತಾಗುತ್ತದೆ. ಹಾಗಾಗಿ ಒಂದು ಚಿತ್ರಕ್ಕೆ ಒಂದೇ ಸೆಕೆಂಡು. ಲೆನ್ಸ್ ಪೂರ್ತಿ ತೆರೆದು, ಐಎಸ್‌ಒ 3200ರಲ್ಲಿ. ಒಂದು ಸೆಕೆಂಡಿನಲ್ಲಿ ಬರುವ ಬೆಳಕು ಅತ್ಯಲ್ಪ. ಅದಕ್ಕೆ ಪರಿಹಾರ ಒಂದೇ, ಅಂಥ ನೂರಾರು ಚಿತ್ರ ತೆಗೆದು ಆಮೇಲೆ ಕೂಡಿಸುವುದು. ಡ್ರೇಪರರ ಫಲಕ ರಾತ್ರಿಯಲ್ಲೇ ಮಾಡಿದ ಕೂಡಿಸುವ ಕೆಲಸವನ್ನು ನಮಗೆ ಮರುದಿನ ಕಂಪ್ಯೂಟರ್ ಮಾಡಿಕೊಡುತ್ತದೆ.

ಕತ್ತಲಾಗುವ ಹೊತ್ತಿಗೆ ಪಶ್ಚಿಮದಲ್ಲಿ ಶುಕ್ರ ಝಗಝಗಿಸುತ್ತಿತ್ತು, ನೆತ್ತಿಯ ಬಳಿ ರೋಹಿಣಿಯ ಪಕ್ಕದಲ್ಲಿ ಗುರು, ಪೂರ್ವದಲ್ಲಿ ಪುನರ್ವಸುವಿನ ಹತ್ತಿರ ಕೆಂಪಗೆ ಮಂಗಳ. ಕತ್ತಲಲ್ಲಿ ಕ್ಯಾಮರಾ ತಾನಾಗಿ ಫೋಕಸ್ ಮಾಡಲಾರದು. ಲುಬ್ಧಕ ನಕ್ಷತ್ರವನ್ನು ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಕೈಯಿಂದ ಉಂಗುರ ತಿರುಗಿಸಿ, ಉಂಗುರ ಅಲುಗದಂತೆ ಅಂಟುಪಟ್ಟಿ ಹಚ್ಚಬೇಕು. ಇಡೀ ರಾತ್ರಿಯಲ್ಲಿ ತಾಳ್ಮೆ ಬೇಡುವ ಕೆಲಸವೆಂದರೆ ಇದೇ. ಹತ್ತು ನಿಮಿಷ ಹಿಡಿದರೂ ಅವಸರ ಮಾಡಬಾರದು. ಎಂಟು ಗಂಟೆಗೆ ಶುರುವಾಯಿತು. ಒಂದು ಸೆಕೆಂಡು ತೆರೆಯುವುದು, ಒಂದು ಸೆಕೆಂಡು ಬಿಡುವು. ಹತ್ತು ನಿಮಿಷಕ್ಕೆ 300 ಚಿತ್ರ. ಅಷ್ಟರಲ್ಲಿ ನೀಹಾರಿಕೆ ಎರಡೂವರೆ ಡಿಗ್ರಿ ಸರಿದು ಚಿತ್ರದ ಅಂಚಿಗೆ ಬಂದಿರುತ್ತದೆ. ಮುಕ್ಕಾಲಿಯ ತಲೆ ತಿರುಗಿಸಿ ಮತ್ತೆ ನಡುವಿಗೆ ತರಬೇಕು. ಒಂಬತ್ತೂವರೆಯ ಸುಮಾರಿಗೆ ಅದು ದಕ್ಷಿಣದಲ್ಲಿ ಸುಮಾರು 72 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನವರಿಗೆ ಇದೇ ನೀಹಾರಿಕೆ 33 ಡಿಗ್ರಿಗಿಂತ ಮೇಲೆ ಬರುವುದಿಲ್ಲ. ದೊಡ್ಡ ದೊಡ್ಡ ಉಪಕರಣ ಅವರಲ್ಲಿದ್ದರೂ ದಪ್ಪ ಗಾಳಿಯ ಮೂಲಕ ಓರೆಯಾಗಿ ನೋಡಬೇಕು. ಈ ಒಂದು ವಿಷಯದಲ್ಲಿ ನಮ್ಮ ನಾಡಿನ ರೈತನ ಹೊಲವೇ ಮೇಲು.

ಮನೆಯ ಯಜಮಾನರು ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಬರುವುದನ್ನು ಕಾಯುತ್ತಾ ನಮ್ಮ ಪಕ್ಕದಲ್ಲೇ ಕುಳಿತಿದ್ದರು. ಕ್ಯಾಮರಾದ ಕಟಕಟ ಸದ್ದು ಕೇಳಿ ಕೇಳಿ ಕೊನೆಗೆ, "ಒಂದೇ ಪಟಾನ ಎಷ್ಟ್ ಸಲ ತೆಗೀತೀರ ಸ್ವಾಮಿ? ಸರಿಯಾಗಿ ಬರ್ಲಿಲ್ವಾ?" ಎಂದರು. ಪರದೆಯಲ್ಲಿ ತೋರಿಸಿದೆವು: ಕಪ್ಪು ಆಕಾಶ, ಕೆಲವು ಚುಕ್ಕೆ, ನಡುವೆ ಉಗುರಿನಷ್ಟು ನಸುಗೆಂಪು ಮಸುಕು. "ಇಷ್ಟೇನಾ?" ಎಂದರು. "ಈಗ ಇಷ್ಟೇ ಯಜಮಾನರೇ, ಎಲ್ಲಾ ಒಟ್ಟು ಮಾಡಿದ ಮೇಲೆ ನೋಡಬೇಕು" ಎಂದೆವು. ಪಕ್ಕದ ಕೆಂಪು ನಕ್ಷತ್ರ ಆರಿದ್ರಾ ಎಂದು ಹೇಳಿದಾಗ ಅವರಿಗೆ ಆಶ್ಚರ್ಯ: "ಆರಿದ್ರಾ ಮಳೆ ಜೂನ್‌ನಲ್ಲಿ ಅಲ್ವಾ? ಈಗೆಲ್ಲಿಂದ ಬಂತು?" ಪ್ರಶ್ನೆ ಬಹಳ ಚೆನ್ನಾಗಿದೆ. ಸೂರ್ಯ ಯಾವ ನಕ್ಷತ್ರದ ಜೊತೆಗಿರುತ್ತಾನೋ ಆ ನಕ್ಷತ್ರದ ಹೆಸರು ಮಳೆಗೆ. ಜೂನ್ ಕೊನೆಯಲ್ಲಿ ಸೂರ್ಯ ಅಲ್ಲಿರುವುದರಿಂದ ಹಗಲಿನಲ್ಲಿ ಆರಿದ್ರಾ ಕಾಣದು. ಆರು ತಿಂಗಳ ಆಮೇಲೆ ಅದು ಸಂಜೆಯ ಆಕಾಶಕ್ಕೆ ಬರುತ್ತದೆ. ಮೃಗಶಿರ, ಆರಿದ್ರಾ ಮಳೆಗಳನ್ನು ಬಾಯಿಪಾಠ ಬಲ್ಲ ನಮ್ಮ ರೈತರಲ್ಲಿ ಆ ನಕ್ಷತ್ರಗಳನ್ನು ಗುರುತಿಸಿ ನೋಡಿದವರು ಎಷ್ಟು ಮಂದಿಯಿದ್ದಾರೋ!

ಹತ್ತೂವರೆಗೆ ಲೆನ್ಸಿನ ಮೇಲೆ ಇಬ್ಬನಿ ಕೂರತೊಡಗಿತು. ನೀಹಾರ ಎಂದರೆ ಮಂಜು, ನೀಹಾರಿಕೆಗೆ ಹೆಸರು ಬಂದದ್ದೂ ಅದರಿಂದಲೇ. ಹಾಸನದ ಸೀಮೆಯಲ್ಲಿ ಜನವರಿಯಲ್ಲಿ ಒಂದು ನೀಹಾರ ಇನ್ನೊಂದನ್ನು ಮುಚ್ಚುತ್ತದೆ. ಅಷ್ಟರಲ್ಲಿ ಒಂದು ಸೆಕೆಂಡಿನ 900 ಚಿತ್ರಗಳು ಸಿಕ್ಕಿದ್ದವು. ನೀಹಾರಿಕೆಯ ನಡುಭಾಗ ತೀರಾ ಪ್ರಕಾಶಮಾನವಾದುದರಿಂದ ಅದಕ್ಕೆಂದೇ ಸೆಕೆಂಡಿನ ಎಂಟನೇ ಒಂದು ಭಾಗದ 60 ಚಿತ್ರ ಬೇರೆ. ನಂತರ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಒಂದು ಸೆಕೆಂಡಿನ 50 ಕಪ್ಪು ಚಿತ್ರ, ಲೆನ್ಸಿಗೆ ಬಿಳಿ ಬಟ್ಟೆ ಕಟ್ಟಿ ಲ್ಯಾಪ್‌ಟಾಪಿನ ಬಿಳಿ ಪರದೆಗೆ ಹಿಡಿದು ಇನ್ನು 50. ಏನೂ ಇಲ್ಲದ ಚಿತ್ರ ಏಕೆ ತೆಗೆಯುವುದು ಎಂದು ನಗಬಾರದು, ಇವುಗಳಿಲ್ಲದೆ ಮುಂದಿನ ಕೆಲಸ ನಡೆಯದು. ಕಪ್ಪು ಚಿತ್ರದಲ್ಲಿ ಕಾಣುವುದೆಲ್ಲ ಕ್ಯಾಮರಾದ ಸ್ವಂತ ದೋಷ: ಬೆಳಕಿಲ್ಲದಿದ್ದರೂ ಮಿನುಗುವ ಕೆಟ್ಟ ಪಿಕ್ಸೆಲ್‌ಗಳು. ಬಿಳಿ ಚಿತ್ರದಲ್ಲಿ ಕಾಣುವುದು ಲೆನ್ಸಿನ ದೋಷ: ಮೂಲೆಗಳ ಕತ್ತಲು, ಒಳಗಿನ ಧೂಳಿನ ಕಲೆ. ಮೊದಲನೆಯದನ್ನು ಕಳೆದು, ಎರಡನೆಯದರಿಂದ ಭಾಗಿಸಿದರೆ ಉಳಿಯುವುದು ಆಕಾಶದಿಂದ ಬಂದದ್ದು ಮಾತ್ರ.

ಇನ್ನು ಕೂಡಿಸುವ ವಿಷಯ. ಸಂತೆಯ ಗದ್ದಲದಲ್ಲಿ ದೂರದಿಂದ ಒಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆಂದು ಭಾವಿಸಿ. ಒಂದು ಸಲಕ್ಕೆ ಏನೂ ತಿಳಿಯದು. ನೂರು ಸಲ ಧ್ವನಿಮುದ್ರಿಸಿ ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಆ ಮಾತು ಪ್ರತಿ ಸಲವೂ ಅದೇ ಆಗಿರುವುದರಿಂದ ಗಟ್ಟಿಯಾಗುತ್ತದೆ. ಗದ್ದಲ ಪ್ರತಿ ಸಲ ಬೇರೆ ಬೇರೆಯಾದ್ದರಿಂದ ತನ್ನಲ್ಲೇ ಕಾದಾಡಿ ತಗ್ಗುತ್ತದೆ. ನೀಹಾರಿಕೆಯ ಬೆಳಕು ಆ ಮಾತು, ಚಿತ್ರದ ಕಾಳುಕಾಳು ಗದ್ದಲ. ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಲಾಭ ಎಂಬುದು ಇಲ್ಲಿನ ನಿಯಮ. 100 ಚಿತ್ರಕ್ಕೆ ಹತ್ತು ಪಟ್ಟು, 900ಕ್ಕೆ ಮೂವತ್ತು ಪಟ್ಟು. ಇನ್ನೂ ಎರಡು ಪಟ್ಟು ಬೇಕೆಂದರೆ 3,600 ಚಿತ್ರ ಬೇಕು. ಒಂದು ಹಂತದ ಮೇಲೆ ಶ್ರಮ ಹೆಚ್ಚು, ಫಲ ಕಡಿಮೆ. ಜೊತೆಗೆ ಪ್ರತಿ ಚಿತ್ರಕ್ಕೂ ಕ್ಯಾಮರಾದ ಶಟರ್ ಸವೆಯುತ್ತದೆ ಎಂಬುದನ್ನು ಕ್ಯಾಮರಾ ಸಾಲ ಕೊಟ್ಟವರ ಮುಖ ನೋಡಿಯಾದರೂ ನೆನಪಿಡಬೇಕು.

ಚಿತ್ರಗಳನ್ನು ಜೆಪೆಗ್ ರೂಪದಲ್ಲಿ ತೆಗೆಯದೆ 'ರಾ' ರೂಪದಲ್ಲಿ ತೆಗೆಯಬೇಕು. ಜೆಪೆಗ್ ಪ್ರತಿ ಬಣ್ಣದಲ್ಲಿ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲುಗಳನ್ನಷ್ಟೇ ಉಳಿಸುತ್ತದೆ, ರಾ ಕಡತದಲ್ಲಿ 16,384 ಇರುತ್ತವೆ. ನೀಹಾರಿಕೆಯ ಹೊರಅಂಚು ಇಡೀ ಇರುವುದು ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ. 900 ಕಡತಗಳೆಂದರೆ 20 ಜಿಬಿಗೂ ಮೇಲೆ; ಕೂಡಿಸುವಾಗ ಹುಟ್ಟುವ ತಾತ್ಕಾಲಿಕ ಕಡತಗಳು 100 ಜಿಬಿ ದಾಟುತ್ತವೆ. ಚರ್ಚ್ ಕಚೇರಿಯ ಕಂಪ್ಯೂಟರಿನಲ್ಲಿ ಈ ಸಾಹಸಕ್ಕೆ ಕೈಹಾಕುವವರು ಮುನ್ನೂರು ಮುನ್ನೂರರ ಕಂತುಗಳಲ್ಲಿ ಮಾಡುವುದು ಲೇಸು. ತಂತ್ರಾಂಶಕ್ಕೆ ಹಣ ಬೇಡ: ಸಿರಿಲ್ ಮತ್ತು ಡೀಪ್ ಸ್ಕೈ ಸ್ಟ್ಯಾಕರ್ ಎರಡೂ ಉಚಿತ, ಕೊನೆಯ ತಿದ್ದುಪಡಿಗೆ ಗಿಂಪ್ ಕೂಡ ಉಚಿತ. ನಾವು ಸಿರಿಲ್ ಬಳಸಿದೆವು. ಅದು ಪ್ರತಿ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಜರುಗಿದ್ದನ್ನು ಮತ್ತು ತಿರುಗಿದ್ದನ್ನು ಸರಿಪಡಿಸಿ, ಒಂದರ ಮೇಲೊಂದು ಕೂರಿಸುತ್ತದೆ. ಇಬ್ಬನಿ ತಗುಲಿದ ಮತ್ತು ಅಲುಗಿದ 80 ಚಿತ್ರಗಳನ್ನು ಬಿಟ್ಟೆವು, ಉಳಿದದ್ದು 820.

ಕೂಡಿಸಿ ಬಂದ ಚಿತ್ರ ತೆರೆದಾಗ ಪರದೆ ಬಹುಪಾಲು ಕಪ್ಪು. ಹೊಸಬರು ಇಲ್ಲಿ ಎದೆಗುಂದುತ್ತಾರೆ. ಕೂಡಿಸುವುದು ಎಂದು ಹೇಳಿದರೂ ತಂತ್ರಾಂಶ ತೆಗೆಯುವುದು ಸರಾಸರಿಯನ್ನು. ಚಿತ್ರ ಬೆಳಕಾಗುವುದಿಲ್ಲ, ಸ್ವಚ್ಛವಾಗುತ್ತದೆ. ಮುಂದಿನ ಹೆಜ್ಜೆ ಹಿಗ್ಗಿಸುವುದು. ಕತ್ತಲಿನ ತಳದಲ್ಲಿ ಒತ್ತೊತ್ತಾಗಿ ಕುಳಿತ ಮೆಟ್ಟಿಲುಗಳನ್ನು ಬಿಡಿಸಿ ದೂರ ದೂರ ಇಡುವುದು, ಬೆಳಕಿನ ಕಡೆಯವನ್ನು ಒತ್ತುವುದು. ಒಂದು ಗೆರೆಯನ್ನು ಸ್ವಲ್ಪ ಸ್ವಲ್ಪವಾಗಿ ಎಳೆದಂತೆ ಕಪ್ಪಿನೊಳಗಿಂದ ರೆಕ್ಕೆಗಳು ಮೂಡುತ್ತವೆ, ನಡುವೆ ಕಪ್ಪು ಧೂಳಿನ ಕೊಲ್ಲಿ ಕಾಣುತ್ತದೆ, ಮೇಲೆ ನೀಲಿ ಛಾಯೆಯ ಇನ್ನೊಂದು ಮಸುಕು ಬೇರೆಯಾಗಿ ನಿಲ್ಲುತ್ತದೆ.

ಇದು ಮೋಸವೇ? ನಮ್ಮ ಚರ್ಚ್ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಉದಾಹರಣೆ ತಕ್ಷಣ ಅರ್ಥವಾಗುತ್ತದೆ. ನೂರು ವರ್ಷ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಶಾಯಿ ಮಾಸಿಹೋಗಿದೆ, ಹೆಸರು ಓದಲಾಗುತ್ತಿಲ್ಲ. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತೇವೆ, ಸ್ಕ್ಯಾನ್ ಮಾಡಿ ಗಾಢಗೊಳಿಸುತ್ತೇವೆ, ಹೆಸರು ಕಾಣುತ್ತದೆ. ಇದರಲ್ಲಿ ತಪ್ಪಿಲ್ಲ, ಶಾಯಿ ಅಲ್ಲೇ ಇತ್ತು. ಆದರೆ ಯಾರೋ ಒಬ್ಬರು 'ಬಹುಶಃ ಇದೇ ಇರಬೇಕು' ಎಂದು ಹೊಸ ಪೆನ್ನಿನಲ್ಲಿ ಅದರ ಮೇಲೆ ತಿದ್ದಿ ಬರೆದರೆ? ಬರೆದದ್ದು ಸರಿಯೇ ಇರಬಹುದು, ಆದರೂ ಆ ಪುಟ ಆಮೇಲೆ ಸಾಕ್ಷಿಯಾಗಿ ಉಳಿಯುವುದಿಲ್ಲ. ಹಿಗ್ಗಿಸುವುದು ಮೊದಲನೆಯ ಬಗೆಯದು. ಇಡೀ ಚಿತ್ರಕ್ಕೆ ಒಂದೇ ನಿಯಮ ಅನ್ವಯಿಸಿದ್ದೇವೆ, ಎಲ್ಲಿಯೂ ಇಲ್ಲದ್ದನ್ನು ಇಟ್ಟಿಲ್ಲ. ಅದೇ ಕಡತ ಕೊಟ್ಟರೆ ಬೇರೊಬ್ಬರಿಗೂ ಅದೇ ರೆಕ್ಕೆಗಳು ಸಿಗುತ್ತವೆ.

ಗಡಿ ಎಲ್ಲ ಕಡೆಯೂ ಇಷ್ಟು ಸ್ಪಷ್ಟವಾಗಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಚಿತ್ರದ ಒಂದು ಬದಿಯಲ್ಲಿ ಊರಿನ ದೀಪಗಳ ಕಂದು ಮಬ್ಬು ಏರಿತ್ತು. ಅದನ್ನು ತೆಗೆಯಲು ತಂತ್ರಾಂಶಕ್ಕೆ 'ಇಲ್ಲಿ ಬರಿ ಆಕಾಶ' ಎಂದು ಕೆಲವು ಬಿಂದುಗಳನ್ನು ತೋರಿಸಬೇಕು; ಅವುಗಳ ಆಧಾರದಲ್ಲಿ ಅದು ಮಬ್ಬನ್ನು ಊಹಿಸಿ ಕಳೆಯುತ್ತದೆ. ಆದರೆ ಓರಿಯನ್ನಿನ ಆ ಭಾಗದಲ್ಲಿ ಬರಿ ಆಕಾಶ ಎಂಬುದೇ ಕಡಿಮೆ, ತೆಳುವಾದ ಅನಿಲ ಎಲ್ಲೆಲ್ಲೂ ಹರಡಿದೆ. ಬಿಂದು ಅದರ ಮೇಲೆ ಬಿದ್ದರೆ ನಿಜವಾದ ನೀಹಾರಿಕೆಯನ್ನೇ ಕೊಳೆಯೆಂದು ತೊಳೆದುಬಿಡುತ್ತೇವೆ. ಸೇರಿಸುವುದರಲ್ಲಿ ಮಾತ್ರವಲ್ಲ, ಕಳೆಯುವುದರಲ್ಲೂ ಸುಳ್ಳು ನುಸುಳುತ್ತದೆ. ಹಾಗಾಗಿ ನಾವು ಚಿತ್ರದ ಅಂಚುಗಳಲ್ಲಿ ಮಾತ್ರ ಕೆಲವೇ ಬಿಂದುಗಳನ್ನಿಟ್ಟು, ಸ್ವಲ್ಪ ಮಬ್ಬು ಉಳಿದರೂ ಉಳಿಯಲಿ ಎಂದು ಬಿಟ್ಟೆವು.

ಉಪಗ್ರಹಗಳದ್ದೂ ಇಂಥದೇ ಪ್ರಶ್ನೆ. ನಮ್ಮ ಚಿತ್ರಗಳಲ್ಲಿ ಹಲವನ್ನು ಉಪಗ್ರಹಗಳ ಬೆಳ್ಳಿಗೆರೆಗಳು ದಾಟಿದ್ದವು. 820ರಲ್ಲಿ ಒಂದೋ ಎರಡೋ ಚಿತ್ರದಲ್ಲಿ ಮಾತ್ರ ಇರುವುದನ್ನು ತಂತ್ರಾಂಶ ಸಂಖ್ಯಾಶಾಸ್ತ್ರದ ನಿಯಮದಿಂದ ತಳ್ಳಿಹಾಕುತ್ತದೆ. ಅವು ಅಂದು ಅಲ್ಲಿದ್ದದ್ದು ನಿಜ, ಆದರೆ ನೀಹಾರಿಕೆಯ ಭಾಗವಲ್ಲ. ತೆಗೆದದ್ದನ್ನು ಹೇಳಿದರೆ ಸಾಕೆಂಬುದು ನಮ್ಮ ಅಭಿಪ್ರಾಯ. ಹಾಸನವೆಂದರೆ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿರುವ ಊರು. ಅಲ್ಲಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಹಳೇಕೋಟೆಯಿಂದ ನೋಡಿದರೆ ಓರಿಯನ್ನಿನ ನಡುಪಟ್ಟಿ ಸಾಗುವ ದಾರಿಯ ಹತ್ತಿರವೇ ಸಾಲಾಗಿ ನಿಂತಿವೆ. ನಕ್ಷತ್ರಗಳು ಜರುಗಿದರೂ ಅವು ಜರುಗುವುದಿಲ್ಲ. ನಮ್ಮ ಲೆನ್ಸಿಗೆ ಅವು ತೀರಾ ಮಂಕು.

ಬಣ್ಣದ ಬಗ್ಗೆ ಕೇಳುವವರೇ ಹೆಚ್ಚು. ನೀಹಾರಿಕೆಯ ಗುಲಾಬಿ-ಕೆಂಪು ಹೈಡ್ರೋಜನ್ ಅನಿಲದ್ದು, 656 ನ್ಯಾನೋಮೀಟರ್ ತರಂಗದ ಬೆಳಕು. ನಡುಭಾಗದ ಹಸಿರು ಛಾಯೆ ಆಮ್ಲಜನಕದ್ದು. 1864ರಲ್ಲಿ ವಿಲಿಯಂ ಹಗಿನ್ಸ್ ನೀಹಾರಿಕೆಯ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿದಾಗ ಆ ಹಸಿರು ಗೆರೆ ಯಾವ ಪರಿಚಿತ ಧಾತುವಿಗೂ ಹೊಂದಲಿಲ್ಲ. 'ನೆಬ್ಯೂಲಿಯಂ' ಎಂಬ ಹೊಸ ಧಾತುವೇ ಇರಬೇಕೆಂದು ಬಹಳ ಕಾಲ ನಂಬಿದ್ದರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೆಂದು 1927ರಲ್ಲಿ ಐರಾ ಬೋವೆನ್ ತೋರಿಸಿಕೊಟ್ಟರು. ಬಣ್ಣಗಳು ನಿಜವೇ, ಆದರೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಅಲ್ಲಿಗೇ ಹೋಗಿ ನಿಂತರೂ ಚಿತ್ರದಷ್ಟು ಕೆಂಪಾಗಿ ಕಾಣದು. ಸಾಮಾನ್ಯ ಕ್ಯಾಮರಾದೊಳಗಿನ ಸೋಸುಗಾಜು ಆ ಗಾಢ ಕೆಂಪಿನ ಹೆಚ್ಚಿನ ಪಾಲನ್ನು ತಡೆಯುತ್ತದೆ, ಆದ್ದರಿಂದ ನಮ್ಮ ಚಿತ್ರ ಕೆಂಪಿಗಿಂತ ನೇರಳೆಗೆ ವಾಲಿದೆ. ದೊಡ್ಡ ದೂರದರ್ಶಕಗಳ ಚಿತ್ರಗಳು ಬೇರೆ ದಾರಿ ಹಿಡಿಯುತ್ತವೆ. 1995ರ ಹಬಲ್ ಚಿತ್ರ 'ಸೃಷ್ಟಿಯ ಸ್ತಂಭಗಳು' ಹಲವು ಚರ್ಚ್ ಕ್ಯಾಲೆಂಡರುಗಳಲ್ಲಿ ಬಂದಿರಬಹುದು. ಅದರಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ವಿಜ್ಞಾನಿಗಳೇ ಹಂಚಿದ್ದಾರೆ, ಯಾವ ಅನಿಲ ಎಲ್ಲಿದೆ ಎಂದು ತಿಳಿಯಲು. ಭೂಪಟದಲ್ಲಿ ಕರ್ನಾಟಕಕ್ಕೆ ಹಳದಿ ಹಚ್ಚಿದರೆ ನೆಲ ಹಳದಿಯೆಂದು ಯಾರೂ ಭಾವಿಸುವುದಿಲ್ಲವಷ್ಟೆ. ಹಂಚಿಕೆಯನ್ನು ಅವರು ಮುಚ್ಚಿಟ್ಟಿಲ್ಲ, ಚಿತ್ರದ ಜೊತೆಗೇ ಬರೆದಿದ್ದಾರೆ. ಮುಂದಕ್ಕೆ ಕಳುಹಿಸುವಾಗ ಆ ಬರಹ ಕಳಚಿ ಬೀಳುತ್ತದೆ, ಅಲ್ಲಿಂದ 'ಪವಾಡ' ಶುರುವಾಗುತ್ತದೆ.

ಪಂಡಿತರನ್ನು ನಂಬಿಯೂ ಮೋಸಹೋಗಬಹುದು. 2022ರ ಜುಲೈ ಕೊನೆಯಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಎಟಿಯೆನ್ ಕ್ಲೈನ್ ಒಂದು ಕೆಂಪು ಗೋಲದ ಚಿತ್ರ ಹಾಕಿ, ಇದು ಜೇಮ್ಸ್ ವೆಬ್ ದೂರದರ್ಶಕ ತೆಗೆದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ ಎಂದರು. ಸಾವಿರಾರು ಜನ ಮೆಚ್ಚಿದರು. ಅದು ಶೊರೀಸೋ, ಎಂದರೆ ನಮ್ಮ ಗೋವೆಯವರ ಕೆಂಪು ಹಂದಿ ಸಾಸೇಜಿನ ಒಂದು ಹೋಳು! ತಮಾಷೆಗೆ ಹಾಕಿದ್ದೆಂದು ಹೇಳಿ ಅವರು ಬಳಿಕ ಕ್ಷಮೆ ಕೇಳಿದರು. 2023ರ ಮಾರ್ಚಿನಲ್ಲಿ ಇನ್ನೊಂದು ಸಂಗತಿ ಸುದ್ದಿಯಾಯಿತು: ಒಂದು ಪ್ರಸಿದ್ಧ ಮೊಬೈಲ್, ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರಕ್ಕೂ ತಾನು ಕಲಿತ ಕುಳಿಗಳನ್ನು ಸೇರಿಸಿ ಸ್ಪಷ್ಟ ಚಂದ್ರನನ್ನು ಕೊಡುತ್ತಿತ್ತು. ಹೊಸ ಪೆನ್ನಿನಲ್ಲಿ ತಿದ್ದಿ ಬರೆಯುವುದೆಂದರೆ ಇದೇ. ನೀಹಾರಿಕೆಯ ಚಿತ್ರಗಳನ್ನು ಚೂಪುಗೊಳಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಇವೆ. ಬೇರೆಯವರ ಸಾವಿರಾರು ಚಿತ್ರ ನೋಡಿ ಕಲಿತ ಅವು, ಮಸುಕಿರುವಲ್ಲಿ ಎಳೆ ಎಳೆಯಾಗಿ ವಿವರ ಕೊಡುತ್ತವೆ. ನಮ್ಮ ಯುವಕರಲ್ಲಿ ಒಬ್ಬನಿಗೆ ಅದನ್ನು ಬಳಸಬೇಕೆಂಬ ಆಸೆ ಇತ್ತು. ಬಳಸಿ ನೋಡಿದ, ಚಿತ್ರ ಬಹಳ ಚೆಲುವಾಯಿತು. ಆದರೆ ಕಾಣುವ ಎಳೆಗಳಲ್ಲಿ ಹಳೇಕೋಟೆಯ ಲೆನ್ಸಿಗೆ ಬಿದ್ದದ್ದು ಯಾವುದು, ಇನ್ನಾರದೋ ಚಿತ್ರದಿಂದ ಬಂದದ್ದು ಯಾವುದು ಎಂದು ಕೇಳಿದಾಗ ಅವನೇ ಅದನ್ನು ಬದಿಗಿಟ್ಟ.

ಕಲಿಯಬೇಕೆನ್ನುವವರಿಗೆ ಕರಾವಳಿಯಲ್ಲೇ ದಾರಿಗಳಿವೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಬಹಳ ವರ್ಷಗಳಿಂದ ಆಕಾಶ ತೋರಿಸುವ ಕೆಲಸ ಮಾಡುತ್ತಾ ಬಂದಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಮಾವಾಸ್ಯೆಯ ಆಚೀಚಿನ ವಾರಗಳು ಓರಿಯನ್ನಿಗೆ ಅನುಕೂಲ. ಘಟ್ಟದ ಮೇಲೆ ಹೋಗಲಾಗದವರು ಮನೆಯಂಗಳದಿಂದಲೇ 50 ಮಿ.ಮೀ. ಲೆನ್ಸಿನಲ್ಲಿ ಮೂರು ನಾಲ್ಕು ಸೆಕೆಂಡಿನ ಚಿತ್ರಗಳನ್ನು ತೆಗೆದು ನೋಡಲಿ. ನೀಹಾರಿಕೆ ಚಿಕ್ಕದಾಗಿ ಬಂದರೂ ಬಂದೇ ಬರುತ್ತದೆ.

ನಮ್ಮ ಚಿತ್ರವನ್ನು ಯುವಜನರು ಸಭಾಭವನದ ಫಲಕದಲ್ಲಿ ಹಾಕಿದ್ದಾರೆ, ಒಂದಲ್ಲ, ಎರಡು ಹಾಳೆ. ಎಡಗಡೆ ಕ್ಯಾಮರಾದಿಂದ ಬಂದ ಒಂದು ಸೆಕೆಂಡಿನ ಕಪ್ಪು ಚಿತ್ರ, ಬಲಗಡೆ ಮುಗಿಸಿದ ಚಿತ್ರ. ಅಂಥದೇ ಜೋಡಿಯೊಂದನ್ನು ಹಳೇಕೋಟೆಯ ಯಜಮಾನರಿಗೂ ಕಳುಹಿಸಿದ್ದೇವೆ. ಎರಡರ ನಡುವೆ ಹೀಗೆ ಬರೆದಿದೆ: 'ಓರಿಯನ್ ನೀಹಾರಿಕೆ, ಎಂ 42. ಹಳೇಕೋಟೆ, ಹೊಳೆನರಸೀಪುರ ತಾಲೂಕು, 27-1-2025, ರಾತ್ರಿ 8ರಿಂದ 10.30. 200 ಮಿ.ಮೀ. ಲೆನ್ಸ್, ಒಂದು ಸೆಕೆಂಡಿನ 820 ಚಿತ್ರಗಳ ಸರಾಸರಿ. ನಡುಭಾಗ ಮಾತ್ರ ಸೆಕೆಂಡಿನ ಎಂಟನೇ ಒಂದು ಭಾಗದ 60 ಚಿತ್ರಗಳಿಂದ. ಮಂಕಾದದ್ದನ್ನು ಗಾಢಗೊಳಿಸಿದೆ. ಊರಿನ ಬೆಳಕಿನ ಮಬ್ಬನ್ನು ಮತ್ತು ಉಪಗ್ರಹಗಳ ಗೆರೆಗಳನ್ನು ತೆಗೆದಿದೆ. ಏನನ್ನೂ ಸೇರಿಸಿಲ್ಲ.'